ಸದರಿ ಎಂಬ ಊರು

ಹಿಂದಿ ಸೀಮೆಯಿಂದ ಹೊಸದಾಗಿ ಬಂದಿರುವ ನಮ್ಮ ಮ್ಯಾನೇಜರ್ ನಿನ್ನೆ ಮೀಟಿಂಗಿನಲ್ಲಿ ನನ್ನ ರಿಪೋರ್ಟನ್ನು ದೊಡ್ಡ ಪರದೆಗೆ ಹಾಕಿ ಕೇಳಿದರು: "ಈ ಸದರಿ ಎಲ್ಲಿ ಬರುತ್ತೆ? ಹುಬ್ಬಳ್ಳಿಗಿಂತ ಜಾಸ್ತಿ ಪಂಪ್‌ಸೆಟ್ ಹೋಗಿದೆ. ಅಲ್ಲೊಂದು ಶೋರೂಮ್ ಯಾಕೆ ತೆರೆಯಬಾರದು?"

ಯಾರೂ ನಗಲಿಲ್ಲ. ಪಕ್ಕದವರಂತೂ ಮೊಬೈಲಿನಲ್ಲಿ ಮ್ಯಾಪ್ ತೆಗೆದು ಗಂಭೀರವಾಗಿ ಹುಡುಕತೊಡಗಿದರು.

ನಾನು ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯುತ್ತಿದ್ದೇನೆ. ಆನ್‌ಲೈನ್ ಕೋರ್ಸಿನಲ್ಲಿ ಎಲ್ಲವೂ ಚೊಕ್ಕ. ಎಂಪ್ಲಾಯಿ ಅಂತ ಒಂದು ಟೇಬಲ್, ಡಿಪಾರ್ಟ್‌ಮೆಂಟ್ ಅಂತ ಇನ್ನೊಂದು; ಜಾಯಿನ್ ಅಂದರೆ ಸಾಕು, ಕೂಡಿಕೊಳ್ಳುತ್ತವೆ. ಊರುವಾರು ಗುಂಪು ಮಾಡೋಕೆ ಗ್ರೂಪ್ ಬೈ, ಸಂಖ್ಯೆ ಕೂಡೋಕೆ ಸಮ್, ಮುಗೀತು. ಆ ಮೇಷ್ಟ್ರಿಗೆ ನಮ್ಮ ಆಫೀಸಿನ ಡೇಟಾ ಎಂಟ್ರಿ ಹಿರಿಯರ ಪರಿಚಯವಿಲ್ಲ.

ಹಿರಿಯರು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕಾಲದವರು. ಪದ ಮುಗಿದರೆ ಹೆಬ್ಬೆರಳು ತಾನಾಗಿ ಸ್ಪೇಸ್ ಬಾರ್ ಮೇಲೆ ಬೀಳುತ್ತೆ. ನಮಗೆ ಕಾಣದ ಆ ಖಾಲಿ ಜಾಗ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಕಾಣುತ್ತೆ. ಒಂದು ಶಿವಮೊಗ್ಗ ಎರಡಾಗುತ್ತೆ. ಅದನ್ನು ಕತ್ತರಿಸೋಕೆ ಟ್ರಿಮ್ ಇದೆ, ಬಿಡಿ. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ತಿದ್ದಿತಲ್ಲ, ಅದನ್ನು ಇವರು ಬರೀ ಸಲಹೆ ಅಂದುಕೊಂಡಿದ್ದಾರೆ. ಕಾಫಿಗೆ ಮುಂಚೆ ಬೆಲ್ಗಾಂ, ಕಾಫಿ ಆದಮೇಲೆ ಬೆಳಗಾವಿ. ಅದನ್ನೂ "ಇದು ಬಂದರೆ ಅದು ಅಂತ ತಗೋ" ಎನ್ನುವ ಕೇಸ್ ವೆನ್ ಬರೆದು ಬರೆದು ಸರಿಮಾಡಿದೆ.

ಆದರೆ ಸದರಿಗೆ ಮದ್ದಿಲ್ಲ. ಒಂದೇ ಊರಿನ ಬಿಲ್ಲುಗಳು ಸಾಲಾಗಿ ಬಂದರೆ ಮೊದಲನೆಯದಕ್ಕೆ ಊರಿನ ಹೆಸರು, ಕೆಳಗಿನವಕ್ಕೆಲ್ಲ ಇಂಗ್ಲಿಷ್ ಅಕ್ಷರದಲ್ಲಿ "ಸದರಿ". ಲೆಡ್ಜರ್ ಬರೆದ ಕೈ.

"ಯಾವುದರ ಸದರಿ ಸಾರ್ ಇದು?"

"ಮೇಲಿನದು ನೋಡಪ್ಪ."

"ಡೇಟಾಬೇಸಿನಲ್ಲಿ ಮೇಲೆ ಅನ್ನೋದು ಇಲ್ಲ ಸಾರ್."

"ಮೇಲೆ ಇಲ್ವಾ? ಮತ್ತೆ ಕೆಳಗಿನದು ಎಲ್ಲಿ ನಿಂತಿದೆ?"

ಇದಕ್ಕೆ ಉತ್ತರ ಹೇಳಬೇಕಾದವರು ಇಂಥ ಟೇಬಲ್ ಡೇಟಾಬೇಸುಗಳ ಮೂಲಪುರುಷ, ಐಬಿಎಂನಲ್ಲಿದ್ದ ಎಡ್ಗರ್ ಕಾಡ್. 1970ರ ತಮ್ಮ ಪ್ರಬಂಧದಲ್ಲಿ ಆ ಪುಣ್ಯಾತ್ಮ, ಸಾಲುಗಳು ಯಾವ ಕ್ರಮದಲ್ಲಿದ್ದರೂ ಒಂದೇ ಎಂದುಬಿಟ್ಟರು. ಆರ್ಡರ್ ಬೈ ಅಂತ ಕ್ರಮ ಹೇಳದಿದ್ದರೆ ಯಾವುದು ಮೊದಲು ಬರುತ್ತೆ ಅನ್ನುವುದಕ್ಕೆ ಇಂದಿಗೂ ಖಾತ್ರಿಯಿಲ್ಲ. ಸೀರಿಯಲ್ ನಂಬರ್ ಹಿಡಿದು ಜೋಡಿಸೋಣವೆಂದರೆ, ಹಿರಿಯರು ಪ್ರತಿ ಪುಟಕ್ಕೂ ಒಂದರಿಂದ ಶುರುಮಾಡುತ್ತಾರೆ. ಮೊತ್ತದ ಪ್ರಕಾರ ಜೋಡಿಸಿದೆನೋ, ಸಾಗರದ ಸದರಿ ಹೋಗಿ ರಾಯಚೂರಿನ ಕೆಳಗೆ ಕೂರುತ್ತೆ. ಮಲೆನಾಡಿನ ಪಂಪ್‌ಸೆಟ್ಟೆಲ್ಲ ಬಯಲುಸೀಮೆಯ ಪಾಲು.

ಸರಿ, ಊರುಗಳಿಗೇ ಬೇರೆ ಟೇಬಲ್ ಮಾಡಿದೆ. ಪ್ರತಿ ಊರಿಗೊಂದು ಗುರುತಿನ ನಂಬರ್, ಅಂದರೆ ಪ್ರೈಮರಿ ಕೀ; ಬಿಲ್ಲಿನ ಟೇಬಲ್ಲಿನಲ್ಲಿ ಆ ನಂಬರನ್ನೇ ತೋರಿಸುವ ಫಾರಿನ್ ಕೀ. ಪಟ್ಟಿಯಲ್ಲಿಲ್ಲದ ಊರು ಬಂದರೆ ಡೇಟಾಬೇಸೇ ಬಾಗಿಲಲ್ಲಿ ತಡೆಯುತ್ತೆ. ಹಿರಿಯರಿಗೆ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿ, "ನಮ್ಮೂರು ಇಲ್ಲ" ಅಂದರು. ಹೆಸರು ಹೇಳಿ, ಸೇರಿಸ್ತೀನಿ ಅಂದೆ.

"ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ಮುಳುಗಿತಪ್ಪ. ಸೇರಿಸಿದರೂ ಬಿಲ್ ಬರಲ್ಲ, ಬಿಡು."

ಅಪ್ಪ ಅಮ್ಮ ಗಂಟುಮೂಟೆ ಕಟ್ಟಿ ಹೊರಟಾಗ ಇವರಿನ್ನೂ ಹುಟ್ಟಿರಲಿಲ್ಲ. ಆದರೂ ಸ್ವಂತ ಊರು ಕೇಳಿದ ಫಾರಮ್ಮಿನಲ್ಲೆಲ್ಲ ಅದನ್ನೇ ತುಂಬುತ್ತಾರಂತೆ. ಆಮೇಲೆ ಜೋರು ಮಾಡಲು ನನಗೆ ಬಾಯಿ ಬರಲಿಲ್ಲ.

ಬರಬೇಕಿತ್ತು. ಇವತ್ತು ಹೊಸ ಎಕ್ಸೆಲ್ ಫೈಲ್ ಕಳಿಸಿದ್ದಾರೆ. ಸದರಿ ಒಂದೂ ಇಲ್ಲ. ಬದಲಿಗೆ ಒಂದೊಂದು ಊರಿನ ಅಷ್ಟೂ ಸೆಲ್ಲುಗಳನ್ನು ಮರ್ಜ್ ಮಾಡಿ, ನಟ್ಟನಡುವೆ ದಪ್ಪಕ್ಷರದಲ್ಲಿ ಹೆಸರು. ಬರೀ ಅಕ್ಷರಗಳ ಸಿಎಸ್‌ವಿ ಫೈಲ್ ಮಾಡಿ ಡೇಟಾಬೇಸಿಗೆ ಏರಿಸಿದರೆ ಮೊದಲ ಸಾಲಿಗೆ ಮಾತ್ರ ಊರು, ಮಿಕ್ಕವೆಲ್ಲ ನಲ್, ಅಂದರೆ ಏನೂ ತುಂಬದ ಖಾಲಿ. ಊರು ಈಕ್ವಲ್ ಟು ನಲ್ ಅಂತ ಹುಡುಕಿದರೆ ಒಂದು ಸಾಲೂ ಸಿಗಲ್ಲ, ಏಕೆಂದರೆ ನಲ್ ಯಾವುದಕ್ಕೂ ಸಮವಲ್ಲ, ಇನ್ನೊಂದು ನಲ್‌ಗೂ ಅಲ್ಲ. ಈಸ್ ನಲ್ ಅಂತಲೇ ಮರ್ಯಾದೆಯಿಂದ ಕೇಳಬೇಕು. ಕೇಳಿದೆ. ಮುಕ್ಕಾಲು ಕರ್ನಾಟಕ ಬಂತು.

ಹಿಂದೆಯೇ ಹಿರಿಯರ ಮೆಸೇಜ್: "ಊರಿಗೊಂದು ಕಲರ್ ಬೇರೆ ಹಾಕಿದೀನಿ. ಈಗ ಕನ್‌ಫ್ಯೂಸ್ ಆಗಲ್ಲ ಅಲ್ವಾ?"