ಸತ್ಯಾಂಶ: ಎಲ್ಲ ಮಕ್ಕಳಿಗೂ ಶಾಲೆಯ ಊಟ ಕೊಟ್ಟರೆ ದುಡ್ಡು ದಂಡವೇ?

"ಉಚಿತ ಊಟ ಬಡ ಮಕ್ಕಳಿಗಷ್ಟೇ ಸಾಕು, ಎಲ್ಲರಿಗೂ ಬಡಿಸಿದರೆ ದುಡ್ಡು ದಂಡ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ಹಾಗೆ ಬೇರ್ಪಡಿಸಿದಾಗ ಊಟ ತಪ್ಪುವುದು ಎಷ್ಟೋ ಸಲ ಆ ಬಡ ಮಕ್ಕಳಿಗೇ.

ಉಚಿತ ಊಟದವರಿಗೆ ಬೇರೆ ಬಣ್ಣದ ಚೀಟಿ ಕೊಟ್ಟರೆ, ಯಾರ ಮನೆಯಲ್ಲಿ ಕಷ್ಟವಿದೆ ಎಂಬುದು ಇಡೀ ಸಾಲಿಗೆ ತಿಳಿಯುತ್ತದೆ. ಹದಿಹರೆಯದ ಹುಡುಗಿ ಚೀಟಿಯನ್ನು ಜೇಬಿನಲ್ಲೇ ಮುದುಡಿಟ್ಟು "ಹಸಿವಿಲ್ಲ" ಎಂದುಬಿಡುತ್ತಾಳೆ. ಅರ್ಜಿ, ಆದಾಯದ ದಾಖಲೆ ಒದಗಿಸಲಾಗದೆ ಹೊರಗುಳಿಯುವ ಮನೆಗಳೂ ಇವೆ. ಮಿತಿಗಿಂತ ತುಸುವೇ ಹೆಚ್ಚು ದುಡಿಯುವವರ ಮಕ್ಕಳಿಗಂತೂ ಬಾಗಿಲೇ ಮುಚ್ಚಿರುತ್ತದೆ.

ಫಿನ್‌ಲೆಂಡ್ 1948ರಿಂದ, ಯುದ್ಧದಿಂದ ಬಸವಳಿದಿದ್ದ ಕಾಲದಿಂದಲೇ, ಎಲ್ಲ ಶಾಲಾಮಕ್ಕಳಿಗೂ ಉಚಿತ ಊಟ ಕೊಡುತ್ತಿದೆ.

ಎಲ್ಲರಿಗೂ ಬಡಿಸಿದರೆ ಖರ್ಚು ಹೆಚ್ಚುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅರ್ಹತೆ ಪರಿಶೀಲನೆಗೆ, ಊಟದ ಶುಲ್ಕದ ಬಾಕಿ ವಸೂಲಿಗೆ ಹೋಗುವ ಹಣ, ಸಮಯ ಉಳಿಯುತ್ತದೆ. ಇನ್ನು ಊಟ ತಟ್ಟೆಯಲ್ಲೇ ಉಳಿದು ದಂಡವಾಗುವುದಕ್ಕೆ ಒಂದು ದೊಡ್ಡ ಕಾರಣ ಊಟದ ಬಿಡುವು ಸಾಲದಿರುವುದು. ಮಗು ತಟ್ಟೆ ಹಿಡಿದು ಕುಳಿತ ಮೇಲೆ ಕನಿಷ್ಠ 20 ನಿಮಿಷ ಸಿಗಬೇಕು ಎನ್ನುತ್ತದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ. ಸಾಲಿನಲ್ಲಿ ನಿಂತ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ.