ಒಟ್ಟಲಿಗೆ ಬಂದ ಸಿಲಿಂಡರು

ಕಳೆದ ಸೋಮವಾರ ನಮ್ಮ ಮನೆಯ ಒಲೆ ರಾತ್ರಿ ಎಂಟರವರೆಗೂ ಹೊತ್ತದಿದ್ದುದಕ್ಕೆ ಅನಿಲದ ಅಭಾವ ಕಾರಣವಲ್ಲ; ಒಂದು ಹ್ರಸ್ವ ಸ್ವರ ಕಾರಣ.

ಹಾಸನಕ್ಕೆ ಬಂದು 22 ವರ್ಷಗಳಾದರೂ ನಮ್ಮ ತಾಯಿ ಮೆಟ್ಟಿಲ ಕೆಳಗಿನ ಮೂಲೆಯನ್ನು ‘ಒಟ್ಟಲು’ ಎಂದೇ ಕರೆಯುತ್ತಾರೆ. ಅಲ್ಲಿರುವುದು ಸಿಲಿಂಡರು, ಉಂಗುಷ್ಟ ಕಿತ್ತ ಚಪ್ಪಲಿಗಳು ಮತ್ತು ಮಗನ ಗಾಳಿಯಿಲ್ಲದ ಸೈಕಲ್ಲು. ಸೌದೆಯ ಒಂದು ಸಿಬಿರೂ ಇಲ್ಲ. ಒಟ್ಟು ಎಂದರೆ ಒಂದರ ಮೇಲೊಂದು ಪೇರಿಸು. ಹಾಗೆ ಪೇರಿಸಿದ್ದು ಒಟ್ಟಲು. ಲೆಕ್ಕದ ಕೊನೆಯ ಸಾಲಿನಲ್ಲಿ ಕೂರುವ ‘ಒಟ್ಟು’ ಕೂಡ ಇದೇ ಮನೆತನದ್ದು. ಸೌದೆಯದೂ ಒಟ್ಟಲು, ಬೆರಣಿಯದೂ ಒಟ್ಟಲು. ಹುಲ್ಲಿನದು ಮಾತ್ರ ಮೆದೆ. ಅದನ್ನೂ ಒಟ್ಟಲೆಂದು ಕರೆದವನಿಗೆ ನಮ್ಮ ತಾಯಿಯ ಎದುರು ಕ್ಷಮೆಯಿಲ್ಲ.

ಅಂದು ಸಿಲಿಂಡರು ತಂದ ಹುಡುಗ ನನಗೆ ಫೋನು ಮಾಡಿದಾಗ ನಾನು ಕಚೇರಿಯಲ್ಲಿದ್ದೆ. ಓಟಿಪಿ ಹೇಳಿ, ‘ಅಮ್ಮ ಮನೆಯಲ್ಲೇ ಇದ್ದಾರೆ, ಕೇಳಿ ಇಟ್ಟುಬಿಡಪ್ಪ’ ಎಂದೆ. ತಾಯಿ ತಾರಸಿಯ ಮೇಲೆ ಸಂಡಿಗೆ ಕಾಯುತ್ತಿದ್ದರು. ಕಾಗೆಗಳನ್ನು ನಂಬಿ ಕೆಳಗಿಳಿಯುವವರಲ್ಲ. ಹುಡುಗ ಬೀದಿಯಿಂದಲೇ ‘ಎಲ್ಲಿಡ್ಲಿ ಅಮ್ಮಾ?’ ಎಂದು ಕೂಗಿದ. ‘ಒಟ್ಲಲ್ಲಿಡಪ್ಪ’ ಎಂದರು. ಅವನಿಗೆ ಕೇಳಿಸಲಿಲ್ಲ. ‘ಒಟ್ಲಲ್ಲಿ!’ ಎಂದು ಇವರು ದನಿಯೇರಿಸಿದರು. ಅವನು ಕಿವಿಗೆ ಕೈಯಿಟ್ಟ. ಮೂರನೆಯ ಸಲ ತಾಯಿ ತಾರಸಿಯ ಗೋಡೆಗೆ ಬಾಗಿ, ಉಸಿರು ತುಂಬಿಕೊಂಡು ಕೂಗಿದಾಗ, ಆ ಬಡಪಾಯಿ ಹ್ರಸ್ವವು ದಾರಿಯಲ್ಲಿ ಹಿಗ್ಗಿ ‘ಓಓಟ್ಲಲ್ಲಿ’ ಆಗಿ ಬೀದಿಗೆ ಬಿತ್ತು. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಮೊದಲಿನಿಂದಲೂ ಮರ್ಯಾದೆ ಕಡಿಮೆ. ಹೂವು ಊವಾಗುತ್ತದೆ, ಹಾಲು ಆಲಾಗುತ್ತದೆ, ಹೋಟೆಲು ಓಟ್ಲಾಗುತ್ತದೆ. ಹುಡುಗನಿಗೆ ಈಗ ಎಲ್ಲವೂ ಸ್ಪಷ್ಟವಾಯಿತು. ಗೇಟಿನ ಬಳಿಯಿದ್ದ ಖಾಲಿ ಸಿಲಿಂಡರನ್ನು ಗಾಡಿಗೆ ಹಾಕಿಕೊಂಡು, ತುಂಬಿದ್ದನ್ನು ಬೀದಿಯ ತುದಿಯ ಹೋಟೆಲಿನಲ್ಲಿ ಇಳಿಸಿ, ಕರ್ತವ್ಯ ಮುಗಿಸಿದ ನೆಮ್ಮದಿಯಿಂದ ಹೊರಟುಹೋದ.

ಸಂಜೆ ನಾನು ಏಜೆನ್ಸಿಗೆ ಫೋನು ಮಾಡಿದರೆ ‘ಡೆಲಿವರಿ ಆಗಿದೆ ಸಾರ್’ ಎಂಬ ಒಂದೇ ಮಂತ್ರ. ಹುಡುಗನನ್ನು ಹಿಡಿದು ಕೇಳಿದಾಗಲೇ ಗುಟ್ಟು ತಿಳಿದದ್ದು. ಹೋಟೆಲಿನಲ್ಲಿ 19 ಕಿಲೋ ಅನಿಲದ ನೀಲಿ ಸಿಲಿಂಡರುಗಳ ನಡುವೆ ನಮ್ಮ 14.2 ಕಿಲೋದ ಕೆಂಪು ಸಿಲಿಂಡರು, ನೆಂಟರ ಮದುವೆಯಲ್ಲಿ ಕಳೆದುಹೋದ ಮಗುವಿನಂತೆ ನಿಂತಿತ್ತು. ‘ಯಾರೋ ಇಟ್ಟೋದ್ರು, ಯಾರಾದ್ರೂ ಬರ್ತಾರೆ ಅಂತ ಜೋಪಾನ ಮಾಡಿದೀನಿ’ ಎಂದರು ಮಾಲೀಕರು. ಅದರ ಸೀಲು ಎಲ್ಲಿ ಎಂದು ಕೇಳಿದ್ದಕ್ಕೆ ಅವರು ಒಂದು ಪ್ಲೇಟು ವಡೆಯನ್ನು ನನ್ನ ಮುಂದೆ ಸರಿಸಿದರು. ಬಿಸಿಯಾಗಿತ್ತು. ಯಾರ ಅನಿಲದಲ್ಲಿ ಬೆಂದದ್ದೆಂದು ಕೇಳುವ ಧೈರ್ಯ ನನಗಾಗಲಿಲ್ಲ; ತಿಂದೆ. ಆಮೇಲೆ ಹತ್ತಿರ ಹತ್ತಿರ 30 ಕಿಲೋದ ಆ ಕಬ್ಬಿಣವನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಬರುವಾಗ, ಎದುರಾದ ಪರಿಚಿತರೆಲ್ಲರೂ ‘ಗ್ಯಾಸಾ?’ ಎಂದು ಕೇಳಿ ಮುಂದೆ ಹೋದರು.

‘ನಾನು ಒಟ್ಲು ಅಂತ ಸರಿಯಾಗೇ ಹೇಳಿದ್ದೆ’ ಎಂಬುದಷ್ಟೇ ತಾಯಿಯ ಹೇಳಿಕೆ. ಸಿಟ್ಟು ಬಂದರೂ ಹೆಚ್ಚು ಮಾತಾಡಲಾಗಲಿಲ್ಲ. ಚನ್ನರಾಯಪಟ್ಟಣದ ಕಡೆಯ ನಮ್ಮ ಊರಿನಲ್ಲಿ ರೋಹಿಣಿ ಮಳೆ ಹಿಡಿಯುವುದರೊಳಗೆ ಸೀಳಿದ ಜಾಲಿ, ತೆಂಗಿನ ಮಟ್ಟೆ, ಕುರಂಬಾಳೆಗಳನ್ನು ಹಿತ್ತಿಲಲ್ಲಿ ಎದೆಯೆತ್ತರಕ್ಕೆ ಪೇರಿಸಿ, ಮೇಲೆ ಸೋಗೆ ಹೊದಿಸುತ್ತಿದ್ದವರು ಅವರೇ. ಬರುವ ನೆಂಟರು ಮನೆಯೊಳಗೆ ಕಾಲಿಡುವ ಮೊದಲು ಒಟ್ಟಲಿನ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಅದರ ಸಂದಿಯಲ್ಲಿ ಕೋಳಿ ಕದ್ದು ಇಟ್ಟ ಮೊಟ್ಟೆಗಳಿರುತ್ತಿದ್ದವು, ಒಮ್ಮೊಮ್ಮೆ ಚೇಳೂ ಇರುತ್ತಿತ್ತು. ಕೈ ಹಾಕುವ ಕೆಲಸ ನನ್ನದು. ಮೆಟ್ಟಿಲ ಕೆಳಗಿನ ಈ ಒಂಟಿ ಸಿಲಿಂಡರನ್ನು ಯಾವುದರ ಮೇಲೆ ಪೇರಿಸುವುದು?

ಮತ್ತೆ ಇಂಥ ಅನಾಹುತವಾಗದಿರಲೆಂದು ಆ ಗೋಡೆಯ ಮೇಲೆ ಬಣ್ಣದಲ್ಲಿ ದಪ್ಪಗೆ ‘ಒಟ್ಟಲು’ ಎಂದು ಬರೆದೆ. ಮೊನ್ನೆ ಪಕ್ಕದ ಮನೆಗೆ ಬಂದಿದ್ದ ಅದೇ ಹುಡುಗ ಗೇಟಿನಾಚೆಯಿಂದ ಅದನ್ನು ಅಕ್ಷರ ಕೂಡಿಸಿ ಓದಿ, ಬಹಳ ವಿನಯದಿಂದ ಹೇಳಿದ: ‘ಸಾರ್, ಮೊದಲನೇ ಅಕ್ಷರ ತಪ್ಪಾಗಿದೆ. ಹೋ ಬರಬೇಕು.’