ಹಾರರ್ ಸಿನಿಮಾದವರಿಗೆ ಮೂಡಿಗೆರೆ ಮಂಜೊಂದೇ ಸಾಕೇ?

ಮೂಡಿಗೆರೆ ಕಡೆ ಒಂದು ತೋಟದ ಬಂಗಲೆ ಸಿಕ್ಕರೆ ಹಾರರ್ ಸಿನಿಮಾ ಅರ್ಧ ಮುಗಿದಂತೆ ಅಂದುಕೊಂಡಿದ್ದಾರೆ. ಜೀಪು ಕೆಡುತ್ತದೆ, ಮಂಜು ಕವಿಯುತ್ತದೆ, ತೋಳ ಊಳಿಡುತ್ತದೆ. ಅಲ್ಲಾ ಸ್ವಾಮಿ, ತೋಳ ಬಯಲುಸೀಮೆಯ ಕುರುಚಲು ಕಾಡಿನ ಪ್ರಾಣಿ! ಮಲೆನಾಡಿನ ರಾತ್ರಿಗೆ ಕಾಡುಕುರಿ ಇದೆಯಲ್ಲ. ಅಪಾಯದ ಸುಳಿವು ಸಿಕ್ಕರೆ ಒರಟಾಗಿ ನಾಯಿಯಂತೆ ಬೊಗಳುತ್ತದೆ. ಇಲ್ಲವೇ ಜೀರುಂಡೆ ಸದ್ದನ್ನೇ ಕೇಳಿಸುತ್ತಾ, ಒಂದು ದಿಕ್ಕಿನಲ್ಲಿ ಮಾತ್ರ ಥಟ್ಟನೆ ನಿಲ್ಲಿಸಿದ್ದರೂ ಮೈ ಜುಂ ಅನ್ನುತ್ತಿತ್ತು. ಖರ್ಚೂ ಇಲ್ಲ.

ಬದಲಿಗೆ ಅದೇ ಸೂತ್ರ: ಮೂರ್ನಾಲ್ಕು ಸೆಕೆಂಡ್ ಮೌನ, ಕನ್ನಡಿ, ಆಮೇಲೆ ಕಿವಿ ಹರಿಯುವಂತೆ ಢಂ! ಇದು ಭಯವಲ್ಲ, ಬೆಚ್ಚಿಬೀಳುವುದು. ಎರಡನೇ ಸಲ ಮೌನ ಶುರುವಾದ ಕೂಡಲೇ ಹಾಸನದ ಬಾಲ್ಕನಿಯವರೆಲ್ಲ ಕಿವಿ ಮುಚ್ಚಿ ರೆಡಿ.

2014ರ ‘ಏಲಿಯನ್: ಐಸೊಲೇಷನ್’ ಗೇಮ್ ಆಡಿ ನೋಡಿ. ಅದರಲ್ಲಿ ಅನ್ಯಗ್ರಹದ ಪ್ರಾಣಿಯೊಂದು ಆಟಗಾರನನ್ನು ಬೇಟೆಯಾಡುತ್ತದೆ. ಅದನ್ನು ನಡೆಸುವ ಪ್ರೋಗ್ರಾಮಿನೊಳಗೆ ಎರಡು ಮಿದುಳು. ಒಂದಕ್ಕೆ ಆಟಗಾರ ಎಲ್ಲಿದ್ದಾನೆಂದು ಸದಾ ಗೊತ್ತು, ಆದರೆ ಅದು ಪ್ರಾಣಿಗೆ ಆಸುಪಾಸಿನ ಸುಳಿವಷ್ಟೇ ಕೊಡುತ್ತದೆ. ಎರಡನೆಯದು ಪ್ರಾಣಿಯದೇ, ಅದು ತನ್ನ ಕಣ್ಣು, ಕಿವಿಯಿಂದಲೇ ಹುಡುಕಬೇಕು. ಒತ್ತಡ ಮಿತಿಮೀರಿದರೆ ಮೊದಲನೆಯದೇ ಅದನ್ನು ದೂರ ಕಳಿಸುತ್ತದೆ. ಹಾಗಾಗಿ ಯಾವಾಗ ಬರುತ್ತದೆಂದು ಬಾಯಿಪಾಠ ಮಾಡುವಂತಿಲ್ಲ. ಹತ್ತಿರದ ಚಲನೆ ತೋರಿಸುವ ಮೋಷನ್ ಟ್ರ್ಯಾಕರ್ ಹೊರತೆಗೆದರೆ ಅದರ ಬೀಪ್ ಪ್ರಾಣಿಗೂ ಕೇಳಿಸೀತು. ಅಲ್ಲಿಯವರೆಗೆ ಆಡಿದ್ದನ್ನು ಸೇವ್ ಮಾಡಲು ಗೋಡೆಯ ಯಂತ್ರಕ್ಕೆ ಕಾರ್ಡ್ ತೂರಿಸಿ ಕೆಲವು ಸೆಕೆಂಡ್ ಕಾಯಬೇಕು, ಆಟ ನಿಲ್ಲುವುದಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಬಂತೋ, ಹಿಂದಿನ ಸೇವ್‌ನಿಂದ ಮತ್ತೆ ಶುರು. ಈ ಹೊಟ್ಟೆಯುರಿಗೂ ಒಂದು ಮಜಾ ಇದೆ. ಟಿಕೆಟ್ ದುಡ್ಡು ಹೋದ ಹೊಟ್ಟೆಯುರಿಗೆ ಅದೂ ಇಲ್ಲ.